ಕರೆಂಟು ಬಂದಾಗ ನೀರೋ, ಮಣ್ಣು ಕೇಳಿದಾಗ ನೀರೋ



ಈ ದತ್ತಿ ಉಪನ್ಯಾಸದ ವಿಷಯದ ಆಯ್ಕೆಯನ್ನು ಸಮಿತಿಯವರು ನನಗೇ ಬಿಟ್ಟರು. ಮಣ್ಣಿನ ತೇವ ಅಳೆಯುವ ಅಗ್ಗದ ಸಾಧನಗಳ ಬಗ್ಗೆ ಮಾತಾಡುತ್ತೇನೆ ಎಂದೆ. ನನ್ನ ಕಣ್ಣ ಮುಂದಿರುವುದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಎರಡು ಮೂರು ಎಕರೆ ಒಕ್ಕಲುತನ. 2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆಗಿಂತ ಸ್ವಲ್ಪ ಹೆಚ್ಚು. ದೊಡ್ಡ ಎಸ್ಟೇಟುಗಳಿಗೆ, ಪಾಲಿಹೌಸುಗಳಿಗೆ ಲಕ್ಷಗಟ್ಟಲೆ ಬೆಲೆಯ ಸ್ವಯಂಚಾಲಿತ ವ್ಯವಸ್ಥೆಗಳು ಬಂದು ಬಹಳ ಕಾಲವಾಯಿತು. ಅವುಗಳ ಮಾತು ಇವತ್ತು ಬೇಡ.

ನಮ್ಮ ಹೊಲಗಳಲ್ಲಿ ಬೆಳೆಗೆ ಯಾವಾಗ ನೀರು ಬಿಡಬೇಕು ಎಂಬುದನ್ನು ಈಗ ಯಾರು ತೀರ್ಮಾನಿಸುತ್ತಿದ್ದಾರೆ? ಬೆಳೆಯೂ ಅಲ್ಲ, ಮಣ್ಣೂ ಅಲ್ಲ, ನಿಜ ಹೇಳಬೇಕೆಂದರೆ ರೈತನೂ ಅಲ್ಲ. ತೀರ್ಮಾನಿಸುವುದು ತ್ರೀ ಫೇಸ್ ಕರೆಂಟು. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಆದರೆ ತ್ರೀ ಫೇಸ್ ಸಿಗುವುದು ದಿನಕ್ಕೆ ಸುಮಾರು ಏಳು ತಾಸು. ಅದೂ ಹಗಲಿಗಿಷ್ಟು ರಾತ್ರಿಗಿಷ್ಟು ಎಂದು ಹಂಚಿಕೆಯಾಗಿ. ನಡುರಾತ್ರಿ ಎರಡು ಗಂಟೆಗೆ ಎದ್ದು, ಟಾರ್ಚು ಹಿಡಿದು, ಹಾವು ಹುಳಕ್ಕೆ ಹೆದರುತ್ತ ಪಂಪ್‌ಹೌಸಿಗೆ ಹೋಗಿ ಸ್ವಿಚ್ ಒತ್ತಬೇಕು ಎಂದರೆ ಯಾರಿಗೆ ಸಾಧ್ಯ? ಹಾಗಾಗಿ ಆಟೋ ಸ್ಟಾರ್ಟರ್ ಬಂತು. ಕರೆಂಟು ಬಂದ ಕೂಡಲೆ ಮೋಟರು ತಾನೇ ಶುರುವಾಗುತ್ತದೆ, ಹೋದಾಗ ನಿಲ್ಲುತ್ತದೆ. ನಿನ್ನೆ ಸಂಜೆ ಮಳೆ ಬಂದಿದ್ದರೂ ಸರಿ, ಬೆಳೆ ಇನ್ನೂ ಎಳೆಯದಾಗಿದ್ದರೂ ಸರಿ, ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಇದಕ್ಕಾಗಿ ರೈತನನ್ನು ದೂರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಾಳೆ ಕರೆಂಟು ಬರುತ್ತದೆಂಬ ಭರವಸೆ ಇಲ್ಲದವನು ಇವತ್ತು ಬಂದ ಕರೆಂಟಿನಲ್ಲಿ ಆದಷ್ಟು ನೀರು ಎತ್ತಿಕೊಳ್ಳುವುದು ಸಹಜ ವಿವೇಕ.

ಆ ಏಳು ತಾಸಿನಲ್ಲಿ ಎಷ್ಟು ನೀರು ಬರುತ್ತದೆ, ನೋಡೋಣ. ನಮ್ಮ ಕಡೆ ಬೋರಿನ ನೀರನ್ನು ಇಂಚಿನಲ್ಲಿ ಹೇಳುತ್ತಾರೆ. 90 ಡಿಗ್ರಿಯ ವಿ-ನಾಚ್ ತಟ್ಟೆಯಲ್ಲಿ ಎರಡು ಇಂಚು ಎತ್ತರ ಹರಿಯುವ ನೀರೆಂದರೆ ಸೆಕೆಂಡಿಗೆ ಸುಮಾರು 0.8 ಲೀಟರ್, ಗಂಟೆಗೆ ಸುಮಾರು 2,900 ಲೀಟರ್. ಏಳು ತಾಸಿಗೆ 20,000 ಲೀಟರ್. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು 4,000 ಲೀಟರಿಗಿಂತ ಕೊಂಚ ಹೆಚ್ಚು ಬೇಕು. ಹಾಗಾದರೆ ಎರಡು ಇಂಚಿನ ಬೋರು ದಿನವಿಡೀ ಕೊಡುವುದು ಒಂದು ಎಕರೆಗೆ 5 ಮಿ.ಮೀ. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ತುಂಬಿ ನಿಂತ ಟೊಮೆಟೊ ಬೆಳೆ ದಿನಕ್ಕೆ ಕುಡಿಯುವುದೂ ಹೆಚ್ಚುಕಡಿಮೆ ಅಷ್ಟೆ. ಅದೇ ಬೋರು ಎರಡು ಇಂಚಿನಿಂದ ಒಂದೂವರೆ ಇಂಚಿಗೆ ಇಳಿಯಿತು ಎನ್ನಿ. ಕೇಳುವುದಕ್ಕೆ ಕಾಲು ಭಾಗ ಕಡಿಮೆಯಾದಂತೆ ಕಾಣುತ್ತದೆ. ನಿಜದಲ್ಲಿ ನೀರು ಅರ್ಧಕ್ಕಿಂತ ಕೆಳಗೆ ಬಿದ್ದಿರುತ್ತದೆ, ಗಂಟೆಗೆ 1,400 ಲೀಟರ್. ವಿ-ನಾಚ್‌ನ ಲೆಕ್ಕವೇ ಹಾಗೆ. ಏಪ್ರಿಲ್ ಕೊನೆಗೆ ಬೆಳೆ ಕೈಬಿಟ್ಟ ಎಷ್ಟೋ ಮನೆಗಳ ಕಥೆ ಈ ಅರ್ಧ ಇಂಚಿನಲ್ಲಿದೆ.

ಇನ್ನು ಇದೇ ಬೆಳೆ ನಾಟಿಯಾದ ಹೊಸದರಲ್ಲಿ ದಿನಕ್ಕೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಬಳಸುವುದಿಲ್ಲ. ಆಗಲೂ ಆಟೋ ಸ್ಟಾರ್ಟರ್ ಏಳು ತಾಸು ಎತ್ತುತ್ತದೆ. ನಮ್ಮ ಕೆಂಪು ಮರಳುಗೋಡು ಮಣ್ಣು ಮೇಲಿನ ಒಂದು ಅಡಿಯಲ್ಲಿ ಬೆಳೆಗೆ ಸಿಗುವಂತೆ ಹಿಡಿದಿಟ್ಟುಕೊಳ್ಳುವುದು ಸುಮಾರು 30 ಮಿ.ಮೀ. ಮಾತ್ರ. ಅದಕ್ಕಿಂತ ಹೆಚ್ಚಾದದ್ದು ಬೇರಿನಿಂದ ಕೆಳಗೆ ಜಾರುತ್ತದೆ. ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ, ಯೂರಿಯಾದಿಂದ ಬಂದ ನೈಟ್ರೇಟನ್ನೂ ಕರೆದೊಯ್ಯುತ್ತದೆ. ಎಲೆ ಹಳದಿಗಟ್ಟಿದಾಗ ನಾವು ಮತ್ತೊಂದು ಚೀಲ ಗೊಬ್ಬರ ತರುತ್ತೇವೆ. ಒಮ್ಮೆ ಕೆಸರು, ಒಮ್ಮೆ ಒಣಗು ಎಂದು ತೇವ ಏರಿಳಿದರೆ ಟೊಮೆಟೊ ಹಣ್ಣು ಬಿರುಕು ಬಿಡುತ್ತದೆ, ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಮಂಡಿಯಲ್ಲಿ ಆ ಕ್ರೇಟಿಗೆ ಬೆಲೆಯಿಲ್ಲ. ಕರೆಂಟು ಉಚಿತವಾಗಿರುವಾಗ ನೀರು ಉಳಿಸಿದರೆ ರೈತನಿಗೇನು ಲಾಭ ಎಂದು ಅಧಿಕಾರಿಗಳು ಕೇಳುತ್ತಾರಲ್ಲ, ಲಾಭ ಇಲ್ಲಿದೆ. ಗೊಬ್ಬರದ ಚೀಲದಲ್ಲಿ, ಹಣ್ಣಿನ ಗುಣದಲ್ಲಿ, ಸುಟ್ಟುಹೋಗದ ಮೋಟರಿನಲ್ಲಿ.

ಹೊಲದಲ್ಲಿ ತೇವ ನೋಡುವುದು ರೈತರಿಗೆ ಹೊಸದೇನಲ್ಲ. ಒಂದು ಹಿಡಿ ಮಣ್ಣು ಅಗೆದು ಮುಷ್ಟಿಯಲ್ಲಿ ಒತ್ತಿ, ಉಂಡೆ ಕಟ್ಟುತ್ತದೆಯೋ ಪುಡಿಯಾಗುತ್ತದೆಯೋ ನೋಡುವ ಪರೀಕ್ಷೆ ಇವತ್ತಿಗೂ ಕೃಷಿ ಕಾಲೇಜುಗಳ ಪಠ್ಯದಲ್ಲಿದೆ. ನೀರು ಬಿಟ್ಟ ಮರುದಿನ ಕಬ್ಬಿಣದ ಸರಳು ಚುಚ್ಚಿದರೆ ತೇವ ಇರುವವರೆಗೆ ಸಲೀಸಾಗಿ ಇಳಿದು, ಒಣ ಮಣ್ಣು ಸಿಕ್ಕಲ್ಲಿ ತಡೆಯುತ್ತದೆ. ಕಾಸು ಖರ್ಚಿಲ್ಲದ ಈ ಸರಳು ಒಳ್ಳೆಯ ಸಾಧನ, ಅದನ್ನು ನಾನು ಕಡೆಗಣಿಸುವುದಿಲ್ಲ. ತೊಂದರೆಯೆಂದರೆ ರಾತ್ರಿ ಎರಡು ಗಂಟೆಗೆ ಸರಳು ಚುಚ್ಚುವವರು ಯಾರೂ ಇಲ್ಲ. ಕೆರೆ ನೀರಾವರಿಯ ಕಾಲದಲ್ಲಿ ಈ ಕೆಲಸಕ್ಕೆಂದೇ ನೀರಗಂಟಿ ಇದ್ದ. ತೂಬು ಎತ್ತುವುದು, ಸರದಿಯಂತೆ ಗದ್ದೆಗೆ ನೀರು ತಿರುಗಿಸುವುದು, ಯಾವ ಮಡಿಗೆ ಸಾಕಾಯಿತು ಎಂದು ನೋಡುವುದು ಅವನ ಹೊಣೆ, ಅದಕ್ಕೆ ಊರಿನ ಕಾಳು ಅವನಿಗೆ ಸಲ್ಲುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ನೋಡುವ ಕೆಲಸ ಒಬ್ಬೊಬ್ಬ ರೈತನ ತಲೆಗೆ ಬಿತ್ತು, ಆಟೋ ಸ್ಟಾರ್ಟರ್ ಬಂದ ಮೇಲೆ ಆ ಕೆಲಸವೇ ನಿಂತಿತು. ತೇವ ಅಳೆಯುವ ಸೆನ್ಸರ್ ತುಂಬಬೇಕಾದ ಜಾಗ ಇದು.

ಸೆನ್ಸರ್ ಹೇಗೆ ಅಳೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೇಗೆಂದು ಗೊತ್ತಿದ್ದರೆ ಮಾತ್ರ ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದು ತಿಳಿಯುತ್ತದೆ. ಹಳೆಯ ದಾರಿಗಳು ಎರಡು. ಒಂದು ಟೆನ್ಸಿಯೋಮೀಟರ್: ನೀರು ತುಂಬಿದ ಕೊಳವೆ, ತುದಿಯಲ್ಲಿ ಸೂಕ್ಷ್ಮ ರಂಧ್ರಗಳ ಪಿಂಗಾಣಿ ಬಟ್ಟಲು. ಮಣ್ಣು ಒಣಗಿದಂತೆ ಬಟ್ಟಲಿನಿಂದ ನೀರನ್ನು ಹೀರಲು ಎಳೆಯುತ್ತದೆ. ಆ ಎಳೆತವನ್ನೇ ಮಾಪಕ ತೋರಿಸುತ್ತದೆ. ಬೇರು ನೀರಿಗಾಗಿ ಎಷ್ಟು ಶ್ರಮ ಪಡಬೇಕಾಗಿದೆ ಎಂಬುದರ ನೇರ ಅಳತೆ ಅದು. ಸುಮಾರು 80 ಕಿಲೋಪಾಸ್ಕಲ್ ದಾಟಿದರೆ ಒಳಗಿನ ನೀರಿನಲ್ಲಿ ಗುಳ್ಳೆ ಕಟ್ಟಿ ಕೆಲಸ ನಿಲ್ಲಿಸುತ್ತದೆ. ನಮ್ಮ ಮರಳುಗೋಡು ಕೆಂಪು ಮಣ್ಣಿಗೆ ಇಷ್ಟು ವ್ಯಾಪ್ತಿ ಧಾರಾಳವಾಗಿ ಸಾಕು. ಧಾರವಾಡ, ವಿಜಯಪುರದ ಎರೆ ಮಣ್ಣಿನಲ್ಲಿ ಬೆಳೆಗೆ ಸಿಗುವ ನೀರಿನ ದೊಡ್ಡ ಪಾಲು ಆ ಗೆರೆಯ ಆಚೆಗೇ ಇರುವುದರಿಂದ ಅಲ್ಲಿ ಇದು ಸಾಲದು. ಇನ್ನೊಂದು ದಾರಿ ಜಿಪ್ಸಮ್ ಬಿಲ್ಲೆ. 1940ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಬೌಯುಕೋಸ್ ಮತ್ತು ಮಿಕ್ ಇದನ್ನು ವಿವರಿಸಿದರು. ಎರಡು ತಂತಿಗಳನ್ನು ಜಿಪ್ಸಮ್ಮಿನೊಳಗೆ ಕೂರಿಸಿ ಮಣ್ಣಲ್ಲಿ ಹೂಳುವುದು, ವಿದ್ಯುತ್ ರೋಧವನ್ನು ಅಳೆಯುವುದು. ಕೆಲವು ವರ್ಷಗಳಲ್ಲಿ ಅದು ಕರಗಿಹೋಗುತ್ತದೆ ನಿಜ, ಆದರೆ ಮಣ್ಣಿನ ಉಪ್ಪಿನ ಏರುಪೇರಿಗೆ ಬೇಗ ಮೋಸಹೋಗುವುದಿಲ್ಲ, ಮತ್ತು ಒಣಗಿದ ಎರೆಯಲ್ಲೂ ಕೆಲಸ ಮಾಡುತ್ತದೆ.

ಈಗಿನ ಅಗ್ಗದ ಸೆನ್ಸರ್‌ಗಳ ಬುನಾದಿ ಬೇರೆ. ವಿದ್ಯುತ್ ಕ್ಷೇತ್ರಕ್ಕೆ ನೀರು ಸ್ಪಂದಿಸುವ ಪ್ರಮಾಣ ಬಹಳ ಹೆಚ್ಚು. ಗಾಳಿಗೆ 1, ಒಣ ಮಣ್ಣಿನ ಖನಿಜಕ್ಕೆ 3ರಿಂದ 5 ಎಂದಿಟ್ಟರೆ ನೀರಿಗೆ ಸುಮಾರು 80. ಆದ್ದರಿಂದ ಮಣ್ಣಿನ ಈ ಗುಣವನ್ನು ಅಳೆದರೆ ಅದರಲ್ಲಿರುವ ನೀರನ್ನೇ ಅಳೆದ ಹಾಗೆ. ಕೆನಡಾದ ಟಾಪ್, ಡೇವಿಸ್, ಅನ್ನಾನ್ 1980ರಲ್ಲಿ ಪ್ರಕಟಿಸಿದ ಸಮೀಕರಣ ಈ ವಿದ್ಯೆಯನ್ನು ಗಟ್ಟಿಯಾಗಿ ನಿಲ್ಲಿಸಿತು. ಅವರ ಉಪಕರಣ ದುಬಾರಿಯದು. ಅದೇ ತತ್ತ್ವವನ್ನು ತುಂಬ ಸರಳಗೊಳಿಸಿದ ಕೆಪಾಸಿಟಿವ್ ಪಟ್ಟಿಗಳು ಇವತ್ತು ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ನೂರು ಇನ್ನೂರು ರೂಪಾಯಿಗೆ ಸಿಗುತ್ತವೆ. ಅವುಗಳ ಪಕ್ಕದಲ್ಲೇ ಇನ್ನೂ ಅಗ್ಗದ, ಎರಡು ಹಲ್ಲಿನ ಲೋಹದ ಫೋರ್ಕುಗಳೂ ಇರುತ್ತವೆ. ವಿದ್ಯಾರ್ಥಿಗಳಿಗೆ ಒಂದು ಮಾತು: ಆ ಫೋರ್ಕನ್ನು ಹೊಲಕ್ಕೆ ಒಯ್ಯಬೇಡಿ. ಒದ್ದೆ ಮಣ್ಣಿನಲ್ಲಿ ವಿದ್ಯುತ್ ಹರಿದಂತೆಲ್ಲ ಹಲ್ಲು ಸವೆದು ಹೋಗುತ್ತದೆ. ವಿಜ್ಞಾನ ಮೇಳದ ಮೇಜಿನ ಮೇಲೆ ಸೊಗಸಾಗಿ ಕೆಲಸ ಮಾಡಿದ್ದು ಟೊಮೆಟೊ ಕೊಯ್ಲಿಗೆ ಬರುವಷ್ಟರಲ್ಲಿ ಸತ್ತಿರುತ್ತದೆ.

ಕೆಪಾಸಿಟಿವ್ ಪಟ್ಟಿಗೂ ದೋಷಗಳಿವೆ. ಅದರ ಕ್ಷೇತ್ರ ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಆಚೆಗೆ ಚಾಚುತ್ತದೆ. ಪಟ್ಟಿಗೂ ಮಣ್ಣಿಗೂ ನಡುವೆ ಒಂದು ಸಣ್ಣ ಗಾಳಿಸಂದು ಉಳಿದರೆ ಅದು ಅಳೆಯುವುದು ಗಾಳಿಯನ್ನು. ಹೊಲದ ಮಣ್ಣನ್ನೇ ನೀರಲ್ಲಿ ಕಲಸಿ, ಆ ರಾಡಿಯನ್ನು ಗುಂಡಿಗೆ ಸುರಿದು ಪಟ್ಟಿಯನ್ನು ಕೂರಿಸಿದರೆ ಅರ್ಧ ತೊಂದರೆ ನೀಗುತ್ತದೆ. ಪಟ್ಟಿಯ ಕತ್ತರಿಸಿದ ಅಂಚಿನಿಂದ ನೀರು ಒಳಗಿಳಿಯುತ್ತದೆ, ಮೇಲ್ತುದಿಯ ಬಿಡಿಭಾಗಗಳಿಗೆ ಹೊದಿಕೆಯೇ ಇರುವುದಿಲ್ಲ. ಎಪಾಕ್ಸಿ ಬಳಿದು, ತಲೆಯ ಭಾಗವನ್ನು ಪಿವಿಸಿ ಪೈಪಿನೊಳಗೆ ಮುಚ್ಚದೆ ಹೂತರೆ ಮೊದಲ ದೊಡ್ಡ ಮಳೆಗೇ ಕೆಡುತ್ತದೆ. ಉಪ್ಪಿನಂಶ ಹೆಚ್ಚಿರುವ ಬೋರಿನ ನೀರು, ಮಧ್ಯಾಹ್ನದ ಬಿಸಿ, ಎರಡೂ ಅಂಕಿಯನ್ನು ಕದಲಿಸುತ್ತವೆ. ಆದ್ದರಿಂದ ನಸುಕಿನ ಅಂಕಿಯನ್ನೇ ದಿನದ ಅಂಕಿ ಎಂದು ಹಿಡಿಯುವುದು ಲೇಸು. ಬೇಸಿಗೆಯಲ್ಲಿ ಬಿರಿಯುವ ಎರೆ ಮಣ್ಣಿನಲ್ಲಿ ಈ ಪಟ್ಟಿಯನ್ನು ನಾನು ಶಿಫಾರಸು ಮಾಡುವುದಿಲ್ಲ; ಬಿರುಕು ಬಿಟ್ಟ ದಿನ ಅದರ ಮಾತು ಮುಗಿಯಿತು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮಾಪನಾಂಕ ನಿರ್ಣಯದ್ದು. ಪೆಟ್ಟಿಗೆಯ ಮೇಲೆ ಬರೆದಿರುವ ಶೇಕಡಾ ತೇವಾಂಶವನ್ನು ಯಾರೂ ನಂಬಬೇಕಾಗಿಲ್ಲ. ಪ್ರಯೋಗಾಲಯದಲ್ಲಿ ಮಣ್ಣನ್ನು ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ ಹೋಲಿಸುವುದು ಸರಿಯಾದ ವಿಧಾನ. ರೈತನಿಗೆ ಅಷ್ಟು ಬೇಕಿಲ್ಲ, ಎರಡು ಗೆರೆ ಸಾಕು. ತಳದಲ್ಲಿ ತೂತು ಕೊರೆದ ಬಕೆಟ್ಟಿಗೆ ಅದೇ ಹೊಲದ ಮಣ್ಣು ತುಂಬಿ, ಚೆನ್ನಾಗಿ ನೀರುಣಿಸಿ, ಮುಚ್ಚಿಟ್ಟು, ಎರಡು ದಿನ ಬಸಿದ ಮೇಲೆ ಸೆನ್ಸರ್ ತೋರಿಸುವ ಅಂಕಿ ಮೇಲಿನ ಗೆರೆ. ಹೊಲದಲ್ಲಿ ಬೆಳೆ ನೋಡಿ, ಮಣ್ಣು ಹಿಡಿದು, ಇನ್ನು ನೀರು ಕೊಡಲೇಬೇಕು ಎಂದು ಅನುಭವಸ್ಥ ರೈತ ಹೇಳುವ ಗಳಿಗೆಯ ಅಂಕಿ ಕೆಳಗಿನ ಗೆರೆ. ಹೀಗೆ ಆ ರೈತನ ತಿಳಿವಳಿಕೆಯೇ ಯಂತ್ರದೊಳಗೆ ಸೇರುತ್ತದೆ. ಈ ಎರಡು ಗೆರೆಗಳ ಆಚೆಗೆ ದಶಾಂಶ ಬಿಂದುವಿನವರೆಗೆ ನಿಖರತೆ ತರುತ್ತೇವೆ ಎಂದು ಹೆಣಗುವುದು ನನ್ನ ಅಭಿಪ್ರಾಯದಲ್ಲಿ ಸಣ್ಣ ಹೊಲಕ್ಕೆ ಅನವಶ್ಯಕ.

ಎಷ್ಟು ಸೆನ್ಸರ್, ಎಲ್ಲಿ? ಎರಡು. ಡ್ರಿಪ್ಪರಿನಿಂದ ಒಂದು ಗೇಣು ದೂರದೊಳಗೆ, ಗಿಡದ ಬದಿಗೆ. ಒಂದು ಅರ್ಧ ಅಡಿ ಆಳದಲ್ಲಿ, ಇನ್ನೊಂದು ಒಂದೂಕಾಲು ಅಡಿ ಆಳದಲ್ಲಿ. ಮೇಲಿನದು ಒಣಗಿದರೆ ನೀರು ಬಿಡುವ ಹೊತ್ತು, ಕೆಳಗಿನದು ಒದ್ದೆಯಾದರೆ ನಿಲ್ಲಿಸುವ ಹೊತ್ತು. ಹನಿ ನೀರಾವರಿಯಲ್ಲಿ ನೆನೆಯುವ ಮಣ್ಣಿನ ಗಾತ್ರ ಚಿಕ್ಕದು, ಆದ್ದರಿಂದ ಅಲ್ಲಿ ಯಾವ ದಿನ ಎನ್ನುವುದಕ್ಕಿಂತ ಎಷ್ಟು ಹೊತ್ತು ಎನ್ನುವುದೇ ಮುಖ್ಯವಾಗುತ್ತದೆ. ಕೆಳಗಿನ ಸೆನ್ಸರ್ ಇಲ್ಲದೆ ಅದು ಗೊತ್ತಾಗುವುದಿಲ್ಲ. ಸಬ್ಸಿಡಿಯಲ್ಲಿ ಡ್ರಿಪ್ ಹಾಕಿಸಿಕೊಂಡ ಮೇಲೂ ಏಳು ತಾಸು ಹನಿಸುವ ಹೊಲಗಳು ನಮ್ಮಲ್ಲಿ ಬೇಕಾದಷ್ಟಿವೆ. ಪೈಪು ಬದಲಾದ ಮಾತ್ರಕ್ಕೆ ನೀರು ಉಳಿಯುವುದಿಲ್ಲ.

ಅಂಕಿ ಸಿಕ್ಕ ಮೇಲೆ ಅದನ್ನು ರೈತನಿಗೆ ಹೇಗೆ ತಲುಪಿಸಬೇಕು? ಇದರಲ್ಲಿ ಮೂರು ಕಡೆಯವರು ಒಂದೇ ಉತ್ತರಕ್ಕೆ ಬಂದಿದ್ದಾರೆ, ಅದು ಗಮನಿಸಬೇಕಾದದ್ದು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಭತ್ತದ ಗದ್ದೆಗೆಂದು ಮಾಡಿದ ಸರಳ ಟೆನ್ಸಿಯೋಮೀಟರಿನಲ್ಲಿ ಅಂಕಿಗಳ ಬದಲು ಹಸಿರು, ಹಳದಿ, ಕೆಂಪು ಪಟ್ಟಿಗಳಿವೆ. ನೀರಿನ ಮಟ್ಟ ಹಳದಿಗೆ ಇಳಿಯುವವರೆಗೆ ನೀರು ಬಿಡಬೇಡ ಎಂದಷ್ಟೇ ಅದರ ಸೂಚನೆ. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆ ರೂಪಿಸಿದ ಕೈಸಾಧನವನ್ನು ಮಣ್ಣಿಗೆ ಚುಚ್ಚಿದರೆ ದೀಪ ಹೊತ್ತುತ್ತದೆ: ನೀಲಿಯಾದರೆ ತೇವ ಸಮೃದ್ಧ, ಹಸಿರಾದರೆ ಸಾಕಷ್ಟು, ಕಿತ್ತಳೆಯಾದರೆ ಕಡಿಮೆ, ಕೆಂಪಾದರೆ ತೀರ ಕಡಿಮೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ವಿಜ್ಞಾನಿ ರಿಚರ್ಡ್ ಸ್ಟಿರ್ಜಾಕರ್ ಮಾಡಿದ ‘ಕಮೀಲಿಯನ್’ ಕೂಡ ಬೇರೆ ಬೇರೆ ಆಳಗಳ ತೇವವನ್ನು ನೀಲಿ, ಹಸಿರು, ಕೆಂಪು ದೀಪಗಳಲ್ಲಿ ತೋರಿಸುತ್ತದೆ.

ಆ ಕಮೀಲಿಯನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 2013ರಲ್ಲಿ ಶುರುವಾದ ಯೋಜನೆಯೊಂದರಲ್ಲಿ ತಾಂಜಾನಿಯಾ, ಜಿಂಬಾಬ್ವೆ, ಮೊಜಾಂಬಿಕ್‌ಗಳ ಸಣ್ಣ ನೀರಾವರಿ ರೈತರ ಕೈಗೆ ಅದನ್ನು ಕೊಟ್ಟು ನೋಡಿದರು. ಎಷ್ಟೋ ಹೊಲಗಳಲ್ಲಿ ನೀರು ಬಿಟ್ಟು ದಿನಗಳಾದರೂ ದೀಪ ನೀಲಿಯಾಗಿಯೇ ಉಳಿಯಿತು. ರೈತರೇ ನೀರಿನ ಸರದಿಗಳ ನಡುವಿನ ಅಂತರ ಹೆಚ್ಚಿಸಿದರು. ಗೊಬ್ಬರ ಬೇರಿನ ಬಳಿಯೇ ಉಳಿಯಿತು, ಇಳುವರಿ ಏರಿತು. ಕಾಲುವೆಯ ಕೊನೆಯವರಿಗೂ ನೀರು ಮುಟ್ಟಿ ಜಗಳ ಕಡಿಮೆಯಾಯಿತು, ನೀರು ಹಾಯಿಸುವ ಹೊತ್ತು ಉಳಿದು ಬೇರೆ ಸಂಪಾದನೆಗೆ ದಾರಿಯಾಯಿತು. ಅಲ್ಲಿ ಯಾವ ವಾಲ್ವೂ ತಾನಾಗಿ ತೆರೆಯಲಿಲ್ಲ. ಬದಲಾದದ್ದು ರೈತರ ತೀರ್ಮಾನ.

ಹಾಗಾದರೆ ಸ್ವಯಂಚಾಲನೆ ಬೇಡವೆ? ಬೇಕು, ಏಕೆಂದರೆ ನಮ್ಮ ಪರಿಸ್ಥಿತಿ ಆಫ್ರಿಕದ ಕಾಲುವೆಯದಲ್ಲ, ನಡುರಾತ್ರಿಯ ಕರೆಂಟಿನದು. ಪುಣೆಯ ಸಂತೋಷ್ ಓಸ್ತವಾಲ್ ಅವರ ‘ನ್ಯಾನೊ ಗಣೇಶ್’ನಂಥ ಮೊಬೈಲ್ ಸ್ಟಾರ್ಟರುಗಳನ್ನು ರೈತರು ದುಡ್ಡು ಕೊಟ್ಟು ಕೊಂಡಿದ್ದಾರೆ. ರಾತ್ರಿ ಹೊಲಕ್ಕೆ ಹೋಗುವುದನ್ನು ತಪ್ಪಿಸುವ ಯಂತ್ರಕ್ಕೆ ಸಣ್ಣ ರೈತನೂ ಬೆಲೆ ಕೊಡುತ್ತಾನೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಆದರೆ ಎಷ್ಟು ಸ್ವಯಂಚಾಲನೆ ಎಂಬುದನ್ನು ಯೋಚಿಸಬೇಕು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅಗ್ಗದ ಸೆನ್ಸರಿಗೆ ಮೋಟರನ್ನು ಚಾಲೂ ಮಾಡುವ ಅಧಿಕಾರ ಕೊಡಬಾರದು, ತಡೆಯುವ ಅಧಿಕಾರವನ್ನಷ್ಟೇ ಕೊಡಬೇಕು. ಆಟೋ ಸ್ಟಾರ್ಟರ್ ಈಗ ಇರುವಂತೆಯೇ ಇರಲಿ. ಅದರ ಕಾಂಟ್ಯಾಕ್ಟರಿನ ಕಾಯಿಲ್ ಸರ್ಕ್ಯೂಟಿನಲ್ಲಿ ಒಂದು ಸಣ್ಣ ರಿಲೇ ಸೇರಲಿ. ಕರೆಂಟು ಬಂದಾಗ ಕೆಳಗಿನ ಸೆನ್ಸರ್ ಒದ್ದೆ ಎಂದರೆ ರಿಲೇ ತಡೆಯುತ್ತದೆ, ಇಲ್ಲವಾದರೆ ಮೋಟರು ಎಂದಿನಂತೆ ಓಡುತ್ತದೆ.

ಹೀಗೇಕೆ ಎಂದರೆ ಹೊಲದಲ್ಲಿ ತಂತಿ ತುಂಡಾಗುತ್ತದೆ, ಇಲಿ ಕಡಿಯುತ್ತದೆ, ಗುದ್ದಲಿ ತಾಗುತ್ತದೆ. ತಂತಿ ತುಂಡಾದರೆ ಅದನ್ನು ಒಣ ಎಂದೇ ಓದುವಂತೆ ಸರ್ಕ್ಯೂಟನ್ನು ಮಾಡಿದರೆ, ಕೆಟ್ಟ ದಿನವೂ ಹೊಲದ ಗತಿ ಇವತ್ತಿನ ಸ್ಥಿತಿಗಿಂತ ಕೆಳಗೆ ಹೋಗುವುದಿಲ್ಲ. ಅಪಾಯ ಉಳಿಯುವುದು ಒಂದೇ ಕಡೆ: ತಲೆಯ ಭಾಗಕ್ಕೆ ನೀರು ನುಗ್ಗಿ ಸೆನ್ಸರ್ ಸದಾ ಒದ್ದೆ ಎನ್ನತೊಡಗಿದರೆ ಬೆಳೆ ಬಾಡುತ್ತದೆ. ಅದಕ್ಕಾಗಿ ತಡೆದಾಗಲೆಲ್ಲ ಪಂಪ್‌ಹೌಸಿನ ಹೊರಗೆ ಕೆಂಪು ದೀಪ ಉರಿಯಬೇಕು, ಮೇಲಿನ ಸೆನ್ಸರ್ ಒಣ ಎಂದರೆ ತಡೆ ತಾನಾಗಿ ಬಿಡಬೇಕು, ಮತ್ತು ರೈತನ ಕೈಗೆ ಒಂದು ಸಾದಾ ಸ್ವಿಚ್ ಇರಬೇಕು. ಆ್ಯಪ್ ಇಲ್ಲದಿದ್ದರೂ ನಡೆಯುತ್ತದೆ, ಸ್ವಿಚ್ ಇಲ್ಲದೆ ನಡೆಯದು. ಸೆನ್ಸರ್ ಪಂಪ್‌ಹೌಸಿನಿಂದ ದೂರವಿದ್ದರೆ ಅಂಕಿಯನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ಇದೆ. 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ ಅದಕ್ಕೆ ಪರವಾನಗಿ ಬೇಡ, ತಿಂಗಳ ಸಿಮ್ ಬಾಡಿಗೆಯೂ ಇಲ್ಲ.

ಇಲ್ಲಿಗೆ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಉಳಿದ ನೀರು ಏನಾಗುತ್ತದೆ? ಕರೆಂಟು ಉಚಿತವಿರುವಾಗ ರೈತ ಅದೇ ನೀರಿನಲ್ಲಿ ಇನ್ನರ್ಧ ಎಕರೆ ಹಾಕುತ್ತಾನೆ. ಅವನ ಮನೆಗೆ ಅದು ಲಾಭ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂತರ್ಜಲಕ್ಕೆ ಅದರಿಂದ ಒಂದು ಹನಿಯೂ ಉಳಿಯುವುದಿಲ್ಲ. ಕೋಲಾರದಲ್ಲಿ ಸಾವಿರ ಅಡಿ ದಾಟಿ ಕೊರೆದವರಿಗೆ ಇದು ಗೊತ್ತು. ಸೆನ್ಸರ್ ಬಂದರೆ ಅಂತರ್ಜಲ ಏರುತ್ತದೆ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಊರಿನ ಒಪ್ಪಂದ ಬೇಕು. ನೆರೆಯ ಆಂಧ್ರದ ಬರಪೀಡಿತ ಜಿಲ್ಲೆಗಳಲ್ಲಿ ‘ಎಪಿಎಫ್‌ಎಎಂಜಿಎಸ್’ ಎಂಬ ಯೋಜನೆಯಡಿ ರೈತರೇ ಬೋರುಗಳ ನೀರಿನ ಮಟ್ಟ ಅಳೆದು, ಮಳೆ ಅಳೆದು, ಊರಿನಲ್ಲಿ ಕುಳಿತು ಬೆಳೆಗೊಂದು ನೀರಿನ ಬಜೆಟ್ ಮಾಡಿದರು. ಪಂಜಾಬಿನಲ್ಲಿ 2018ರಲ್ಲಿ ಶುರುವಾದ ‘ಪಾನಿ ಬಚಾವೊ, ಪೈಸಾ ಕಮಾವೊ’ ಯೋಜನೆಯಲ್ಲಿ ಉಳಿಸಿದ ಪ್ರತಿ ಯೂನಿಟ್ ವಿದ್ಯುತ್ತಿಗೆ ರೈತನಿಗೆ 4 ರೂಪಾಯಿ ಕೊಟ್ಟರು. ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳದೆ, ಬಳಸದೆ ಬಿಟ್ಟದ್ದಕ್ಕೆ ಹಣ ಕೊಡುವ ಈ ದಾರಿ ನಮ್ಮ ರಾಜ್ಯಕ್ಕೂ ಹೊಂದುತ್ತದೆ ಎಂಬುದು ನನ್ನ ನಂಬಿಕೆ. ಸೆನ್ಸರ್ ಇದ್ದರೆ ಬೆಳೆಗೆ ಧಕ್ಕೆಯಾಗದಂತೆ ಎಷ್ಟು ಬಿಡಬಹುದು ಎಂಬುದು ರೈತನಿಗೆ ಗೊತ್ತಿರುತ್ತದೆ. ಆ ಧೈರ್ಯ ಇಲ್ಲದೆ ಯಾರೂ ಮೋಟರು ನಿಲ್ಲಿಸುವುದಿಲ್ಲ.

ಕೊನೆಯದಾಗಿ, ಇಲ್ಲಿ ಕುಳಿತಿರುವ ಮೂರು ಬಗೆಯ ಜನರಲ್ಲಿ ನನ್ನ ಕೋರಿಕೆ ಇದೆ. ತೋಟಗಾರಿಕೆ ಮತ್ತು ಕೃಷಿ ಇಲಾಖೆಯವರೆ, ಹನಿ ನೀರಾವರಿಗೆ ಶೇ 90ರವರೆಗೂ ಸಹಾಯಧನ ಕೊಟ್ಟಿದ್ದೀರಿ. ಆ ಪೈಪಿನ ಬಿಲ್ಲಿನೊಳಗೆ ಎರಡು ಸೆನ್ಸರ್, ಒಂದು ರಿಲೇ, ಮತ್ತು ಮೂರು ಬೆಳೆಗಳವರೆಗೆ ಅವುಗಳ ರಿಪೇರಿಯನ್ನೂ ಸೇರಿಸಿ. ರಿಪೇರಿಯ ಹೊಣೆಯನ್ನು ದೂರದ ಕಂಪನಿಗೆ ಕೊಡಬೇಡಿ. ಹೋಬಳಿಯಲ್ಲಿ ಮೋಟರ್ ವೈಂಡಿಂಗ್ ಮಾಡುವ ಹುಡುಗರಿದ್ದಾರೆ, ಅವರಿಗೆ ತರಬೇತಿ ಕೊಟ್ಟು ಸಂಬಳ ಕೊಡಿ. ವಿಶ್ವವಿದ್ಯಾಲಯದ ಬಂಧುಗಳೆ, ಜಿಲ್ಲೆ ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳ ಮೂಲಕ ನಿಮ್ಮ ಸುತ್ತಲಿನ ಮಣ್ಣುಗಳಿಗೆ ಆ ಎರಡು ಗೆರೆಗಳನ್ನು ಅಳೆದು, ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪಂಚಾಯಿತಿ ಗೋಡೆಗೆ ಅಂಟಿಸಿ. ರೈತ ಬಾಂಧವರೆ, ಸರ್ಕಾರ ಕೊಡುವವರೆಗೆ ಕಾಯಬೇಡಿ. ನಾಳೆ ಬೆಳಿಗ್ಗೆ ಡ್ರಿಪ್ಪರಿನ ಪಕ್ಕ ಒಂದು ಸರಳು ಚುಚ್ಚಿ, ನೀರು ಎಷ್ಟು ಆಳಕ್ಕೆ ಇಳಿದಿದೆ ನೋಡಿ. ಒಂದೂಕಾಲು ಅಡಿ ದಾಟಿದ್ದರೆ ಅವತ್ತು ಮೋಟರನ್ನು ಆಟೋದಿಂದ ತೆಗೆದಿಡಿ.